ಬಾಲ್ಕನಿಯ ಹೆಜ್ಜೇನು, ಕಿಟಕಿಯ ಕಣಜ: ಕುಟುಕೋ ಹುಳುಗಳ ಜೊತೆ ನಮ್ಮ ಹಳೇ ಲೆಕ್ಕ

 

ಇವತ್ತು ಒಂದು ಸಣ್ಣ ಚುಕ್ಕೆಯಿಂದ ಶುರು ಮಾಡೋಣ. ಬೇಸಿಗೆ ಹತ್ರ ಬಂದಾಗ ಮೈಸೂರಲ್ಲಿ ದೊಡ್ಡ ಮರದ ಕೆಳಗೆ, ಇಲ್ಲಾ ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟ್ ಪಕ್ಕ ಗಾಡಿ ನಿಲ್ಲಿಸಿ ನೋಡಿ. ಸಂಜೆ ಬಂದು ನೋಡಿದ್ರೆ ಸೀಟ್ ಮೇಲೆ, ಕಾರಿನ ಗಾಜಿನ ಮೇಲೆ ಹಳದಿ ಹಳದಿ ಚುಕ್ಕೆ. ಅರಿಶಿನ ಕಲಸಿ ಚಿಮುಕಿಸಿದ ಹಾಗೆ. ಉಗುರಲ್ಲಿ ಕೆರೆದ್ರೂ ಸುಲಭಕ್ಕೆ ಹೋಗಲ್ಲ. ಬಹಳ ಜನ ಇದನ್ನ ಮರದ ಅಂಟು ಅಂತ ಅಂದುಕೊಳ್ತಾರೆ.

ಈ ಚುಕ್ಕೆ ಒಂದು ಕಾಲದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ದೊಡ್ಡ ಜಗಳಕ್ಕೆ ಕಾರಣ ಆಗಿತ್ತು ಅಂದ್ರೆ ನಂಬ್ತೀರಾ?

1981ರ ಸೆಪ್ಟೆಂಬರ್. ಅಮೆರಿಕದ ವಿದೇಶಾಂಗ ಸಚಿವ ಅಲೆಕ್ಸಾಂಡರ್ ಹೇಗ್ ಪಶ್ಚಿಮ ಬರ್ಲಿನ್‌ನಲ್ಲಿ ಭಾಷಣ ಮಾಡ್ತಾ, ಲಾವೋಸ್ ಮತ್ತು ಕಾಂಬೋಡಿಯಾದಲ್ಲಿ ಸೋವಿಯತ್ ಬೆಂಬಲದ ಪಡೆಗಳು ವಿಷ ಸುರಿಸ್ತಿವೆ ಅಂತ ಆರೋಪ ಮಾಡಿದ್ರು. ಅದಕ್ಕೆ ಇಟ್ಟ ಹೆಸರು 'ಹಳದಿ ಮಳೆ'. ಲಾವೋಸ್‌ನಿಂದ ಓಡಿಬಂದ ಮೋಂಗ್ ಸಮುದಾಯದ ನಿರಾಶ್ರಿತರು ಹಳದಿ ಚುಕ್ಕೆ ಅಂಟಿದ ಎಲೆಗಳನ್ನ ತಂದು ತೋರಿಸಿದ್ರು. ಶೀತಲ ಸಮರದ ಕಾಲ ಅದು. ಯಾರಿಗೆ ಬೇಕಾದ್ರೂ ನಂಬಿಕೆ ಬರೋ ಹಾಗಿತ್ತು.

ಆಮೇಲೆ ಆ ಎಲೆಗಳನ್ನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ರೆ ಚುಕ್ಕೆ ತುಂಬಾ ಹೂವಿನ ಪರಾಗ. ಅದೂ ಸಾರ ಹೋಗಿ ಸಿಪ್ಪೆ ಮಾತ್ರ ಉಳಿದಿದ್ದ ಪರಾಗ, ಅಂದ್ರೆ ಯಾವುದೋ ಹೊಟ್ಟೆಯಲ್ಲಿ ಜೀರ್ಣ ಆಗಿ ಆಚೆ ಬಂದಿರೋದು. ಹಾರ್ವರ್ಡ್‌ನ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಜೇನುಹುಳು ತಜ್ಞ ಥಾಮಸ್ ಸೀಲಿ 1984ರಲ್ಲಿ ಥಾಯ್ಲೆಂಡಿಗೇ ಹೋಗಿ ನೋಡಿದ್ರು. ಅಲ್ಲಿ ಅವರ ಮೇಲೇ ಹಳದಿ ಮಳೆ ಬಿತ್ತು. ತಲೆ ಮೇಲೆ ಬಹಳ ಎತ್ತರದಲ್ಲಿ ಜೇನುಹುಳುಗಳು ಗುಂಪಾಗಿ ಹಾರ್ತಾ ಹೊಟ್ಟೆ ಖಾಲಿ ಮಾಡ್ತಿದ್ವು, ಅಷ್ಟೇ.

ಹೌದು ಕಣ್ರೀ. ನಿಮ್ಮ ಆಕ್ಟಿವಾ ಮೇಲಿರೋದು ಹೆಜ್ಜೇನಿನ ಹಿಕ್ಕೆ.

ಒಂದು ಮಾತು ಮಾತ್ರ ಹೇಳಿ ಮುಂದೆ ಹೋಗ್ತೀನಿ. ಆ ಮೋಂಗ್ ಜನ ಯುದ್ಧದಲ್ಲಿ ಸತ್ತಿದ್ದು ಸುಳ್ಳಲ್ಲ. ನಮ್ಮ ಮೇಲೆ ದಾಳಿ ಆಗಿತ್ತು ಅಂತ ಅವರಲ್ಲಿ ಬಹಳ ಜನ ಇವತ್ತಿಗೂ ಹೇಳ್ತಾರೆ. ಬಹುಪಾಲು ವಿಜ್ಞಾನಿಗಳು ಒಪ್ಪಿರೋದು ಆ ಚುಕ್ಕೆಯ ಬಗ್ಗೆ. ಅವರ ನೋವನ್ನ ಜೋಕ್ ಮಾಡೋಕೆ ನನಗಿಷ್ಟ ಇಲ್ಲ.

ಈಗ ಚುಕ್ಕೆ ಬಿಟ್ಟು ತಲೆ ಎತ್ತಿ ನೋಡಿ. ಆರನೇ ಮಹಡಿಯ ಸಜ್ಜಾ ಕೆಳಗೆ, ಓವರ್‌ಹೆಡ್ ಟ್ಯಾಂಕ್ ಅಡಿಯಲ್ಲಿ, ಕಪ್ಪು ಕಂಬಳಿ ನೇತು ಹಾಕಿದ ಹಾಗೆ ಏನೋ ಇರುತ್ತೆ. ಆ ಕಂಬಳಿ ಮೇಲೆ ಆಗಾಗ ಅಲೆ ಎದ್ದ ಹಾಗೆ ಕಾಣುತ್ತೆ. ಇಷ್ಟು ಕಂಡ ತಕ್ಷಣ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಒಬ್ಬರು ಫೋಟೋ ಹಾಕ್ತಾರೆ. ಇನ್ನೊಬ್ಬರು 'ಮಕ್ಕಳಿದಾರೆ, ಇವತ್ತೇ ತೆಗೆಸಿ' ಅಂತಾರೆ. ಮತ್ತೊಬ್ಬರು ಸ್ಪ್ರೇ ಹೊಡೆಯೋರ ನಂಬರ್ ಹಾಕ್ತಾರೆ. ರಾತ್ರಿ ಯಾರೋ ಬಂದು ಬೆಂಕಿ ಇಡ್ತಾರೆ, ಬೆಳಗ್ಗೆ ಅಂಗಳದ ತುಂಬಾ ಸತ್ತ ಹುಳುಗಳನ್ನ ಗುಡಿಸಿ ಹಾಕ್ತಾರೆ. ಮುಂದಿನ ವರ್ಷ ಅದೇ ಸಜ್ಜಾ ಕೆಳಗೆ ಮತ್ತೆ ಕಂಬಳಿ.

ಯಾಕೆ ಮತ್ತೆ ಅಲ್ಲೇ? ಇದು ನನಗೆ ಬಹಳ ಕುತೂಹಲ ಹುಟ್ಟಿಸಿದ ಪ್ರಶ್ನೆ.

ಹೆಜ್ಜೇನು ಅನ್ನೋ ಪದಾನೇ ನೋಡಿ. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ ಇದ್ದ ಹಾಗೆ ಹೆಜ್ಜೇನು. ಹಿರಿದಾದ ಜೇನು. ಒಂದೇ ಒಂದು ಹಲ್ಲೆ, ಒಂದು ಮೀಟರಿಗಿಂತ ಅಗಲ ಆಗಬಹುದು, ಹತ್ತಾರು ಸಾವಿರ ಹುಳು. ಪೆಟ್ಟಿಗೆಯಲ್ಲಿ ಕೂರಲ್ಲ, ಪೊಟರೆಯಲ್ಲಿ ಕೂರಲ್ಲ, ಬಯಲಲ್ಲೇ ನೇತಾಡುತ್ತೆ. ಹಾಗೆ ಬಯಲಲ್ಲಿ ಬದುಕೋದಕ್ಕೇ ಅದಕ್ಕೆ ಅಷ್ಟು ಸಿಟ್ಟು. ಗೋಡೆ ಇಲ್ಲದ ಮನೆಗೆ ಕಾವಲು ಜಾಸ್ತಿ ಬೇಕು. ಮೈಮೇಲೆ ಅಲೆ ಎದ್ದ ಹಾಗೆ ಕಾಣೋದೂ ಕಾವಲಿನ ಭಾಗಾನೇ. ಸಾವಿರಾರು ಹುಳುಗಳು ಒಂದರ ಹಿಂದೆ ಒಂದು ಹಿಂಭಾಗ ಎತ್ತಿ ಅಲೆ ಮಾಡುತ್ತವೆ, ಹತ್ತಿರ ಬಂದ ದೊಡ್ಡ ಕಣಜ ಗಾಬರಿ ಬಿದ್ದು ದೂರ ಹೋಗುತ್ತೆ. ನೇಪಾಳದಲ್ಲಿ ಇದನ್ನ ವಿಡಿಯೋ ಮಾಡಿ ಅಳೆದು ನೋಡಿರೋ ಅಧ್ಯಯನ 2008ರಲ್ಲಿ ಪ್ರಕಟ ಆಗಿದೆ.

ಹೆಜ್ಜೇನು ಒಂದೇ ಊರಲ್ಲಿ ವರ್ಷಪೂರ್ತಿ ಇರಲ್ಲ. ಹೂವು ಇರೋ ಕಡೆ ಗುಳೆ ಹೋಗುತ್ತೆ. ನಮ್ಮ ಕಡೆ ಮಳೆ ಮುಗಿದ ಮೇಲೆ ಬಂದು, ಬೇಸಿಗೆಯ ಹೂವು ಮುಗಿಸಿ, ಮುಂಗಾರಿನ ಹೊತ್ತಿಗೆ ಜಾಗ ಖಾಲಿ ಮಾಡುತ್ತೆ. ಮುಂದಿನ ವರ್ಷ ಬಂದು ಅದೇ ಕೊಂಬೆ, ಅದೇ ಸಜ್ಜಾ ಹಿಡಿಯುತ್ತೆ. 2000ನೇ ಇಸವಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಲೇಖನ ಇದಕ್ಕೆ ಡಿಎನ್‌ಎ ಸಾಕ್ಷಿ ಕೊಟ್ಟಿತು. ಅಸ್ಸಾಂನಲ್ಲಿ ಮಾಡಿದ ಅಧ್ಯಯನ ಅದು. ವಲಸೆ ಹೋದ ರಾಣಿಗಳೇ ತಮ್ಮ ಹಳೇ ಜಾಗಕ್ಕೆ ವಾಪಸ್ ಬಂದಿದ್ವು. ಆದ್ರೆ ಕೆಲಸಗಾರ ಹುಳುಗಳ ಆಯಸ್ಸು ಕೆಲವು ವಾರ, ಹೆಚ್ಚಂದ್ರೆ ಕೆಲವು ತಿಂಗಳು. ಹೋದ ವರ್ಷ ದಾರಿ ಹಿಡಿದಿದ್ದವು ಎಲ್ಲಾ ಸತ್ತಿರುತ್ತವೆ. ಹಾಗಾದ್ರೆ ವಿಳಾಸ ನೆನಪಿಟ್ಟಿದ್ದು ಯಾರು? ಇದಕ್ಕೆ ಇನ್ನೂ ಪಕ್ಕಾ ಉತ್ತರ ಇಲ್ಲ.

ನಾನು ಬಿಕಾಂ ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಸ್ಪ್ರೇ ಹೊಡೆಸೋದು ಒಂದು ರಿಕರಿಂಗ್ ಖರ್ಚು. ಜಾಗ ಅವಕ್ಕೆ ಇಷ್ಟ ಆಗಿರೋವರೆಗೆ ಆ ಗುಂಪಲ್ಲದಿದ್ರೆ ಇನ್ನೊಂದು ಬರುತ್ತೆ. ಅವು ಹೋದ ಮೇಲೆ, ಮಳೆಗಾಲದಲ್ಲಿ, ಖಾಲಿ ಹಲ್ಲೆ ಕೆರೆದು ತೆಗೆದು, ಮೇಣದ ಗುರುತು ತೊಳೆದು, ಆ ಸಜ್ಜಾ ಕೆಳಗೆ ಬಲೆ ಕಟ್ಟಿಸೋದು ಒಂದು ಸಲದ ಖರ್ಚು. ನಮ್ಮ ಅಸೋಸಿಯೇಷನ್‌ಗಳಿಗೆ ಈ ಎರಡರ ವ್ಯತ್ಯಾಸ ಯಾಕೆ ಹೊಳೆಯಲ್ಲವೋ.

ಸರಿ, ಎಲ್ಲಾ ಕುಟುಕೋ ಹುಳುವೂ ಹೆಜ್ಜೇನಲ್ಲ. ಫೋಟೋ ಹಾಕಿ 'ಇದ್ಯಾವ ಜೇನು' ಅಂತ ಕೇಳೋರು ಬಹಳ ಇದಾರೆ, ಹಾಗಾಗಿ ಬೇಗ ಬೇಗ ಹೇಳಿಬಿಡ್ತೀನಿ. ಪೆಟ್ಟಿಗೆಯಲ್ಲಿ ಸಾಕೋದು ತುಡುವೆ ಜೇನು, ಗೋಡೆ ಬಿರುಕು, ಹಳೇ ಮೀಟರ್ ಬೋರ್ಡ್ ಒಳಗೂ ಸೇರಿಕೊಳ್ಳುತ್ತೆ. ಗಿಡದ ಸಣ್ಣ ಕೊಂಬೆಗೆ ಅಂಗೈ ಅಗಲದ ಹಲ್ಲೆ ಕಟ್ಟೋದು ಕೋಲುಜೇನು. ಗೋಡೆ ತೂತಿನಿಂದ ಮೇಣದ ಕೊಳವೆ ಆಚೆ ಚಾಚಿಕೊಂಡಿದ್ರೆ ಅದು ಮುಜಂಟಿ, ಅದಕ್ಕೆ ಕುಟುಕೋಕೇ ಬರಲ್ಲ, ದಯವಿಟ್ಟು ಸಿಮೆಂಟ್ ಮೆತ್ತಬೇಡಿ. ಕಾಗದದ ಹಾಗಿರೋ ಬೂದು ಬಣ್ಣದ ಗೂಡು ಕಣಜದ್ದು, ಕೆಲವರು ಕಡಜ ಅಂತಾರೆ. ಧಾನ್ಯ ತುಂಬೋ ಕಣಜಕ್ಕೂ ಈ ಹುಳುಗೂ ಹೆಸರು ಒಂದೇ ಆಗಿದ್ದು ಹೇಗೋ ಗೊತ್ತಿಲ್ಲ. ಕೈ ಹಾಕೋ ಮುಂಚೆ ಯಾವುದು ಅಂತ ನೋಡಿಕೊಳ್ಳಿ.

ಇನ್ನು ಮಣ್ಣಿನ ಗೂಡು. ಕಿಟಕಿ ಮೂಲೆ, ಸ್ವಿಚ್ ಬೋರ್ಡ್, ಫೋಟೋ ಹಿಂದೆ, ಬೀಗದ ತೂತಲ್ಲೂ ಮಣ್ಣು ಮೆತ್ತೋ ಕುಂಬಾರ ಹುಳು. ಇದರ ಬಗ್ಗೆ ನಿಧಾನವಾಗಿ ಮಾತಾಡಬೇಕು, ಯಾಕಂದ್ರೆ ಈ ಹುಳು ನಮ್ಮ ತತ್ವಶಾಸ್ತ್ರದೊಳಗೇ ಗೂಡು ಕಟ್ಟಿದೆ.

ಕೀಟ-ಭ್ರಮರ ನ್ಯಾಯ ಅಂತ ಕೇಳಿರಬಹುದು. ವಚನಗಳಲ್ಲಿ ಕೀಡಿ-ಕುಂಡಲಿಗ ಅನ್ನೋ ಹೋಲಿಕೆ ಬರುತ್ತೆ. ಅರ್ಥ ಇಷ್ಟು. ಕುಂಡಲಿಗ ಒಂದು ಹುಳವನ್ನ ಹಿಡಿದು ತಂದು ಗೂಡಲ್ಲಿಡುತ್ತೆ. ಆ ಹುಳು ಹೆದರಿಕೆಯಿಂದಲೋ ಭಕ್ತಿಯಿಂದಲೋ ಕುಂಡಲಿಗನನ್ನೇ ಧ್ಯಾನಿಸಿ ಧ್ಯಾನಿಸಿ ಕೊನೆಗೆ ತಾನೇ ಕುಂಡಲಿಗ ಆಗಿ ಹಾರಿಹೋಗುತ್ತೆ. ಶಿವನನ್ನ ನೆನೆಯೋ ಭಕ್ತ ಶಿವನೇ ಆಗ್ತಾನೆ, ಗುರುವನ್ನ ನೆನೆಯೋ ಶಿಷ್ಯ ಗುರುವೇ ಆಗ್ತಾನೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಹೋಲಿಕೆ ಇನ್ನೆಲ್ಲಿ ಸಿಗುತ್ತೆ?

ನಿಜವಾಗಿ ನಡೆಯೋದು ಬೇರೆ. ತಾಯಿ ಕಣಜ ಕಂಬಳಿಹುಳಕ್ಕೋ ಜೇಡಕ್ಕೋ ಕುಟುಕುತ್ತೆ. ಸಾಯಿಸಲ್ಲ, ಅಲ್ಲಾಡದ ಹಾಗೆ ಮಾಡುತ್ತೆ. ಸತ್ತ್ರೆ ಕೊಳೆಯುತ್ತೆ, ಬದುಕಿದ್ರೆ ತಾಜಾ ಇರುತ್ತೆ. ಗೂಡೊಳಗೆ ಮೊಟ್ಟೆ ಇಟ್ಟು, ಬೇಟೆ ತುಂಬಿಸಿ, ಬಾಯಿ ಮುಚ್ಚಿ ಹೋಗುತ್ತೆ. ಮರಿ ಅದನ್ನ ತಿಂದು ಬೆಳೆದು ಆಚೆ ಬರುತ್ತೆ. ಒಳಗೆ ಹೋಗಿದ್ದು ಕಂಬಳಿಹುಳು, ಆಚೆ ಬಂದಿದ್ದು ಕಣಜ. ನೋಡಿದವರು ತಪ್ಪಾಗಿ ನೋಡಿಲ್ಲ, ನಡುವಿನ ಭಾಗ ಮಾತ್ರ ಮಣ್ಣಿನ ಗೋಡೆ ಹಿಂದೆ ಇತ್ತು. ನನಗೆ ಇದರಲ್ಲಿ ಇಷ್ಟ ಆಗೋದು ಬೇರೇನೇ. ಈ ಹೋಲಿಕೆ ಹುಟ್ಟಬೇಕಾದ್ರೆ ಯಾರೋ ಒಬ್ಬರು ತಮ್ಮ ಮನೆ ಗೋಡೆಯ ಮೇಲಿನ ಗೂಡನ್ನ ಒಡೆಯದೆ ದಿನಗಟ್ಟಲೆ ನೋಡಿರಬೇಕು. ನಮ್ಮಜ್ಜಿ ಕೂಡ ಆ ಗೂಡು ಒಡೆಯೋಕೆ ಬಿಡ್ತಿರಲಿಲ್ಲ, ಕುಂಬಾರ ಹುಳು ಮನೆ ಕಟ್ಟಿದ್ರೆ ಮನೇಲಿ ಮಗು ಹುಟ್ಟುತ್ತೆ ಅಂತಿದ್ರು. ಈ ಹುಳು ಒಂಟಿ ಜೀವಿ, ಕಾಯೋಕೆ ಸೈನ್ಯ ಇಲ್ಲ, ಹಿಡಿದು ಹಿಸುಕಿದ್ರೆ ಹೊರತು ಜನರಿಗೆ ಕುಟುಕೋದು ಅಪರೂಪ. ಸಾಕೆಟ್ ತೂತು ಮುಚ್ಚಿದ್ರೆ ಮಾತ್ರ ಮೇನ್ ಆಫ್ ಮಾಡಿ ಕೆರೆದು ತೆಗೀರಿ.

ಗೂಡು ಒಡೆಯದೆ ನೋಡ್ತಾ ಕೂತವರ ಕಥೆ ಬಂತು, ಇನ್ನೊಬ್ಬರ ಹೆಸರು ಹೇಳಲೇಬೇಕು. ರಾಘವೇಂದ್ರ ಗದಗಕರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕಿಟಕಿಗಳಲ್ಲಿ ಸಣ್ಣ ಕಾಗದದ ಕಣಜಗಳು ಗೂಡು ಕಟ್ಟಿದ್ವು. ವಿದ್ಯಾರ್ಥಿಯಾಗಿದ್ದಾಗ ಅವರು ನೋಡಿದ್ದು ಅವನ್ನೇ. ಪಿಎಚ್‌ಡಿ ಮಾಡಿದ್ದು ಐಐಎಸ್‌ಸಿಯಲ್ಲಿ, ಅಣು ಜೀವವಿಜ್ಞಾನದಲ್ಲಿ. ಅದು ಮುಗಿದ ಮೇಲೆ ಮನಸ್ಸು ತಿರುಗಿದ್ದು ಮಾತ್ರ ಆ ಕಿಟಕಿ ಕಣಜದ ಕಡೆಗೆ. ಅದರ ವೈಜ್ಞಾನಿಕ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. 2001ರಲ್ಲಿ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಅವರ ಪುಸ್ತಕ ತಂದಿತು. ಒಂದಿಡೀ ಪುಸ್ತಕ, ನಾವು ಪೊರಕೆಯಲ್ಲಿ ಹೊಡೆದು ಬೀಳಿಸೋ ಹುಳದ ಬಗ್ಗೆ.

ಏನು ಕಂಡ್ರು ಅವರು? ಒಂದೊಂದು ಕಣಜದ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟು, ಯಾರು ಯಾರಿಗೆ ಏನು ಮಾಡ್ತಾರೆ ಅಂತ ಬರೆದಿಟ್ಟುಕೊಂಡ್ರು. ರಾಣಿ ಅಂದ್ರೆ ದರ್ಬಾರು ಮಾಡೋಳು ಅಂತ ತಾನೇ ನಾವು ಅಂದುಕೊಳ್ಳೋದು? ಈ ಜಾತಿಯಲ್ಲಿ ರಾಣಿ ಪರಮ ಸಾಧು. ಯಾರ ಮೇಲೂ ಜೋರು ಮಾಡಲ್ಲ. ಆದ್ರೆ ರಾಣಿಯನ್ನ ಗೂಡಿಂದ ತೆಗೆದು ನೋಡಿ. ನಿಮಿಷಗಳಲ್ಲಿ ಒಂದು ಕೆಲಸಗಾರ ಕಣಜ ವಿಪರೀತ ಜಗಳಗಂಟಿ ಆಗುತ್ತೆ, ಎಲ್ಲರ ಮೇಲೂ ಬೀಳುತ್ತೆ. ರಾಣಿ ವಾಪಸ್ ಬರದಿದ್ರೆ ಕೆಲವು ದಿನಗಳಲ್ಲಿ ಅವಳೇ ಹೊಸ ರಾಣಿ, ಮೊಟ್ಟೆ ಇಡೋಕೆ ಶುರು, ಮತ್ತೆ ಸಾಧು. ಮುಂದಿನ ರಾಣಿ ಯಾರು ಅಂತ ಸಂಶೋಧಕರಿಗೆ ಮೊದಲೇ ಹೇಳೋಕೆ ಆಗ್ತಿರಲಿಲ್ಲ, ಕಣಜಗಳಿಗೆ ಮಾತ್ರ ಗೊತ್ತಿರೋ ಹಾಗಿತ್ತು. ನಮ್ಮ ಪಕ್ಷಗಳ ಹೈಕಮಾಂಡ್ ನೆನಪಾದ್ರೆ ಅದು ನನ್ನ ತಪ್ಪಲ್ಲ.

ಈ ಕಣಜ ಕಿಟಕಿ ಸಂದಿ, ಪೈಪ್ ಹಿಂದೆ ಅಂತ ಇಕ್ಕಟ್ಟು ಜಾಗ ಹುಡುಕೋದಕ್ಕೂ ಕಾರಣ ಇದೆ. ಇದಕ್ಕಿಂತ ದೊಡ್ಡ ಕಣಜವೊಂದು ಬಂದು ಗೂಡು ಲೂಟಿ ಮಾಡಿ ಮರಿಗಳನ್ನ ಹೊತ್ತೊಯ್ಯುತ್ತೆ. ನಮ್ಮ ಗ್ರಿಲ್ ಅವಕ್ಕೆ ಕೋಟೆ.

ಈಗ ಕುಟುಕಿದಾಗ ಏನು ಅನ್ನೋ ವಿಷಯ. ಇಲ್ಲಿ ಇತಿಹಾಸ ಸ್ವಲ್ಪ ಗಂಭೀರ ಆಗುತ್ತೆ.

ವಿಷದ ಬಗ್ಗೆ ನಮ್ಮಲ್ಲಿ ಬರವಣಿಗೆ ಹಳೇದು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಕೀಟಗಳಿಗೇ ಒಂದು ಅಧ್ಯಾಯ ಇದೆ. ಕನ್ನಡದಲ್ಲಿ 14ನೇ ಶತಮಾನದಲ್ಲಿ ಒಂದನೇ ಮಂಗರಾಜ ಬರೆದ ಖಗೇಂದ್ರಮಣಿದರ್ಪಣ ಪೂರ್ತಿ ವಿಷವೈದ್ಯದ ಗ್ರಂಥ. ಗಿಡಮೂಲಿಕೆಗಳಿಂದ ಬರೋದು ಸ್ಥಾವರ ವಿಷ, ಪ್ರಾಣಿಗಳಿಂದ ಬರೋದು ಜಂಗಮ ವಿಷ ಅಂತ ವಿಂಗಡಣೆ. ಅಂದ್ರೆ ಆ ಕಾಲಕ್ಕೇ ವೈದ್ಯವನ್ನ ಕನ್ನಡದಲ್ಲಿ, ಪದ್ಯದಲ್ಲಿ ಕಲಿಸಬಹುದು ಅಂತ ಒಬ್ಬ ಜೈನ ಕವಿಗೆ ಅನಿಸಿತ್ತು. ಈಗ ಔಷಧಿ ಡಬ್ಬಿ ಮೇಲೆ ಕನ್ನಡ ಹುಡುಕೋಕೆ ಭೂತಗನ್ನಡಿ ಬೇಕು.

ಮನೆಮದ್ದುಗಳಂತೂ ನಿಮಗೆ ಗೊತ್ತೇ ಇದೆ. ಸುಣ್ಣ ಹಚ್ಚು, ಈರುಳ್ಳಿ ಉಜ್ಜು, ಕಬ್ಬಿಣ ತೀಡು. ಸುಣ್ಣಕ್ಕೆ ಆಧುನಿಕ ವಿಜ್ಞಾನದ ಮುದ್ರೆ ಸಿಕ್ಕಿದ್ದು ಒಂದು ತಪ್ಪು ಕಲ್ಪನೆಯಿಂದ. 19ನೇ ಶತಮಾನದಲ್ಲಿ ಜೇನಿನ ವಿಷ ಅಂದ್ರೆ ಇರುವೆಯಲ್ಲಿರೋ ಹಾಗೆ ಫಾರ್ಮಿಕ್ ಆಮ್ಲ ಅಂತ ನಂಬಿದ್ರು. ಆಮ್ಲಕ್ಕೆ ಪ್ರತ್ಯಾಮ್ಲ, ಮುಗೀತು ಲೆಕ್ಕ. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೂ ಜೇನು ಕಚ್ಚಿದ್ರೆ ಆಮ್ಲ, ಅಡುಗೆ ಸೋಡಾ ಹಚ್ಚಿ ಅಂತ ಬಂದಿದೆ. ನಿಜ ಏನಂದ್ರೆ 1950ರ ದಶಕದಲ್ಲೇ ಜರ್ಮನಿಯ ಸಂಶೋಧಕರು ವಿಷದ ಮುಖ್ಯ ಭಾಗವನ್ನ ಬೇರ್ಪಡಿಸಿದ್ರು. ಅದೊಂದು ಪೆಪ್ಟೈಡ್, ಹೆಸರು ಮೆಲಿಟಿನ್. ಜೊತೆಗೆ ಕೆಲವು ಕಿಣ್ವಗಳು. ಜೀವಕೋಶದ ಪೊರೆಯನ್ನ ಒಡೆಯೋ ವಸ್ತು ಅದು, ಚರ್ಮದ ಕೆಳಗೆ ಇಳಿದಿರುತ್ತೆ. ಮೇಲೆ ಹಚ್ಚಿದ ಸೋಡಾ ಅಲ್ಲಿಗೆ ಹೋಗಿ ಮಾಡೋದು ಏನೂ ಇಲ್ಲ. ಸುಣ್ಣ ಅಂತೂ ಚರ್ಮ ಸುಡಬಹುದು, ಕಣ್ಣಿನ ಹತ್ರ ಹಚ್ಚಿದ್ರೆ ಕಣ್ಣಿಗೇ ಅಪಾಯ. ತಣ್ಣನೆ ಬಟ್ಟೆ, ಐಸ್, ಅಷ್ಟು ಸಾಕು.

ಇನ್ನೊಂದು ನಂಬಿಕೆ, ಮುಳ್ಳನ್ನ ಚಿವುಟಿ ತೆಗೀಬಾರದು, ಕಾರ್ಡ್‌ನಲ್ಲಿ ಕೆರೆದು ತೆಗೀಬೇಕು ಅನ್ನೋದು. ಜೇನಿನ ಮುಳ್ಳಿಗೆ ಗಾಳದ ಹಾಗೆ ಹಲ್ಲುಗಳಿರುತ್ತವೆ, ಚರ್ಮದಲ್ಲೇ ಉಳಿಯುತ್ತೆ, ವಿಷದ ಚೀಲವೂ ಕಿತ್ತು ಬಂದು ತಾನಾಗೇ ಪಂಪ್ ಮಾಡ್ತಾ ಇರುತ್ತೆ. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ಪ್ರಯೋಗ ಹೇಳಿದ್ದು, ಹೇಗೆ ತೆಗೀತೀರಿ ಅನ್ನೋದು ಮುಖ್ಯ ಅಲ್ಲ, ಎಷ್ಟು ಬೇಗ ತೆಗೀತೀರಿ ಅನ್ನೋದು ಮುಖ್ಯ ಅಂತ. ಎಟಿಎಂ ಕಾರ್ಡ್ ಹುಡುಕೋಷ್ಟರಲ್ಲಿ ವಿಷ ಒಳಗೆ ಹೋಗಿರುತ್ತೆ. ಉಗುರಲ್ಲೇ ಕಿತ್ತು ಹಾಕಿ.

ಆ ಮುಳ್ಳಿನಿಂದ ಒಂದು ವಾಸನೆಯೂ ಬರುತ್ತೆ. 1962ರಲ್ಲಿ ಕೆನಡಾದ ಸಂಶೋಧಕರು ಅದನ್ನ ಗುರುತಿಸಿದ್ರು, ಐಸೋಅಮೈಲ್ ಅಸಿಟೇಟ್, ಬಾಳೆಹಣ್ಣಿನ ವಾಸನೆ. 'ಇಲ್ಲಿದೆ ಶತ್ರು, ಎಲ್ಲಾ ಬನ್ನಿ' ಅನ್ನೋ ಸೈರನ್ ಅದು. ಒಂದು ಹುಳು ಕುಟುಕಿದ ಜಾಗಕ್ಕೇ ಹತ್ತು ಹುಳು ಬರೋದು ಇದಕ್ಕೇ. ಹೊಗೆ ಹಾಕಿದ್ರೆ ಈ ವಾಸನೆ ಮುಚ್ಚಿಹೋಗುತ್ತೆ, ಅದಕ್ಕೆ ಜೇನು ಕೀಳೋರು ಹೊಗೆ ಹಾಕೋದು. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯ ಈಜಿಪ್ಟ್ ದೇವಾಲಯದ ಕೆತ್ತನೆಯಲ್ಲೇ ಜೇನಿಗೆ ಹೊಗೆ ಹಾಕೋ ಚಿತ್ರ ಇದೆ. ಉಪಾಯ ಮೊದಲು, ಕಾರಣ ತಿಳಿದಿದ್ದು ಎಷ್ಟೋ ಆಮೇಲೆ.

ಈಗ ಒಂದು ನಾಯಿಯ ಕಥೆ. ಅದರ ಹೆಸರು ನೆಪ್ಚೂನ್. 1902ರ ಪ್ಯಾರಿಸ್‌ನಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಅನ್ನೋ ಇಬ್ಬರು, ಸಮುದ್ರದ ಕುಟುಕೋ ಜೀವಿಯೊಂದರ ವಿಷವನ್ನ ಸ್ವಲ್ಪ ಸ್ವಲ್ಪ ಕೊಟ್ಟರೆ ಲಸಿಕೆ ಹಾಗೆ ರಕ್ಷಣೆ ಸಿಗುತ್ತೆ ಅಂದುಕೊಂಡಿದ್ರು. ಮೊದಲ ಸಲ ನೆಪ್ಚೂನ್‌ಗೆ ಏನೂ ಆಗಲಿಲ್ಲ. ಕೆಲವು ವಾರ ಬಿಟ್ಟು ಅಷ್ಟೇ ಚಿಕ್ಕ ಪ್ರಮಾಣ ಮತ್ತೆ ಕೊಟ್ರು. ಅರ್ಧ ಗಂಟೆಯೊಳಗೆ ಸತ್ತುಹೋಯ್ತು. ರಕ್ಷಣೆಯ ತಿರುಗಾಮುರುಗಾ. ಇದಕ್ಕೆ ಅವರು ಇಟ್ಟ ಹೆಸರು ಅನಾಫಿಲ್ಯಾಕ್ಸಿಸ್. ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಒಂದು ಜೇನು ಕುಟುಕಿ ಒಬ್ಬರು ಸಾಯೋದು ಹೀಗೇ. ವಿಷದ ಪ್ರಮಾಣದಿಂದಲ್ಲ, ದೇಹ ಅದಕ್ಕೆ ತೋರಿಸೋ ಅತಿರೇಕದಿಂದ. 'ನನಗೆ ಚಿಕ್ಕಂದಿನಲ್ಲಿ ಎಷ್ಟೋ ಸಲ ಕಚ್ಚಿದೆ, ಏನೂ ಆಗಿಲ್ಲ' ಅನ್ನೋದು ಗ್ಯಾರಂಟಿ ಅಲ್ಲ. ಕುಟುಕಿದ ಜಾಗ ಬಿಟ್ಟು ಮೈಯೆಲ್ಲಾ ದದ್ದು ಎದ್ರೆ, ನಾಲಿಗೆ, ಗಂಟಲು ಊದಿಕೊಂಡ್ರೆ, ಉಸಿರು ಕಟ್ಟಿದ್ರೆ, ತಲೆ ಸುತ್ತಿ ಬಿದ್ರೆ, ಈರುಳ್ಳಿ ಹುಡುಕ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಅದಕ್ಕಿರೋ ಮದ್ದು ಅಡ್ರಿನಲಿನ್, ತೊಡೆಯ ಸ್ನಾಯುವಿಗೆ, ತಡ ಮಾಡದೆ. ನೂರಾರು ಕುಟುಕಿದ್ರೆ ವಿಷವೇ ಅಪಾಯ. ಆ ದಿನ ಆರಾಮಾಗಿದ್ದವರಿಗೂ ಒಂದೆರಡು ದಿನದಲ್ಲಿ ಮೂತ್ರಪಿಂಡ ಕೆಡಬಹುದು, ಹಾಗಾಗಿ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಲೇಬೇಕು.

ವೈದ್ಯಕೀಯವೂ ದಾರಿ ತಪ್ಪಿದ ಇತಿಹಾಸ ಇದೆ. ಅಲರ್ಜಿ ಇರೋರಿಗೆ ಹುಳವನ್ನೇ ಅರೆದು ತೆಗೆದ ಸಾರವನ್ನ ಚುಚ್ಚುಮದ್ದಾಗಿ ದಶಕಗಟ್ಟಲೆ ಕೊಟ್ರು. 1978ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು ಮೂರು ಗುಂಪು ಮಾಡಿ ಹೋಲಿಸಿದ್ರು. ಶುದ್ಧ ವಿಷ ಕೊಟ್ಟವರಿಗೆ ರಕ್ಷಣೆ ಸಿಕ್ಕಿತು. ಅರೆದ ಹುಳದ ಸಾರ ಬರೀ ನೀರಿನ ಚುಚ್ಚುಮದ್ದಿಗಿಂತ ಏನೂ ಮೇಲಿರಲಿಲ್ಲ.

ಬೆಂಗಳೂರಿನ ಹೆಸರಿರೋ ಒಂದು ಸೈನ್ಯಕ್ಕೆ ಜೇನು ಕಾಟ ಕೊಟ್ಟ ಕಥೆಯನ್ನೂ ಹೇಳಿಬಿಡ್ತೀನಿ. ಹೈಫಾ ಯುದ್ಧ ಮೈಸೂರಿನವರಿಗೆ ಗೊತ್ತು, 1918ರ ಸೆಪ್ಟೆಂಬರ್ 23, ಮೈಸೂರು ಲ್ಯಾನ್ಸರ್ಸ್. ಆದ್ರೆ ಅದಕ್ಕೆ ನಾಲ್ಕು ವರ್ಷ ಮುಂಚೆ, 1914ರ ನವೆಂಬರ್‌ನಲ್ಲಿ, ಪೂರ್ವ ಆಫ್ರಿಕಾದ ಟಾಂಗಾ ಬಂದರಿಗೆ ಇಳಿದ ಪಡೆಯಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಇತ್ತು. ಸುಮಾರು ಎಂಟು ಸಾವಿರ ಜನ ಇವರು, ಎದುರಿಗೆ ಲೆಟ್ಟೋ-ಫೋರ್ಬೆಕ್ ಅನ್ನೋ ಜರ್ಮನ್ ಅಧಿಕಾರಿಯ ಕೈಕೆಳಗೆ ಸಾವಿರದಷ್ಟು. ಗುಂಡಿನ ಸದ್ದಿಗೆ ಮರಗಳಲ್ಲಿದ್ದ ಜೇನುಗೂಡುಗಳು ಕೆರಳಿ, 98ನೇ ಇನ್‌ಫೆಂಟ್ರಿಯ ಸಿಪಾಯಿಗಳು ದಿಕ್ಕಾಪಾಲಾದ್ರು. ಪಡೆ ಸೋತು ಹಡಗು ಹತ್ತಿತು, 800ಕ್ಕೂ ಹೆಚ್ಚು ಸಾವುನೋವು. ಆಮೇಲೆ ಜರ್ಮನರು ಬೇಕಂತಲೇ ಜೇನುಗೂಡಿಗೆ ತಂತಿ ಕಟ್ಟಿಟ್ಟಿದ್ರು ಅಂತ ಕಥೆ ಹಬ್ಬಿತು. ಜರ್ಮನ್ ಕಡೆಯವರಿಗೂ ಅವೇ ಹುಳು ಕುಟುಕಿದ್ವು. ಸೋಲಿಗೆ ನಿಜವಾದ ಕಾರಣ ತಯಾರಿ ಇಲ್ಲದ ಸೇನಾಪತಿ. ಆದ್ರೂ ಆ ಯುದ್ಧಕ್ಕೆ ಜೇನುಗಳ ಯುದ್ಧ ಅಂತಲೇ ಹೆಸರು ನಿಂತಿದೆ. ಹುಳದ ಮೇಲೆ ಹಾಕಿದ್ರೆ ಯಾರೂ ಲೆಕ್ಕ ಕೇಳಲ್ಲ ನೋಡಿ.

ಕೊನೆಯ ಭಾಗ ಮೈಸೂರು ಜಿಲ್ಲೆಯದ್ದೇ. ನನಗೆ ಈ ಎಪಿಸೋಡ್ ಮಾಡಬೇಕು ಅನಿಸಿದ್ದೇ ಇದಕ್ಕೋಸ್ಕರ.

ಹೆಜ್ಜೇನಿನ ಜೊತೆ ಹೇಗೆ ನಡ್ಕೋಬೇಕು ಅಂತ ತಲೆಮಾರುಗಳಿಂದ ಬಲ್ಲ ಜನ ನಮ್ಮ ಪಕ್ಕದಲ್ಲೇ ಇದಾರೆ. ಹೆಸರಲ್ಲೇ ಜೇನು ಇಟ್ಟುಕೊಂಡಿರೋ ಜೇನು ಕುರುಬರು. ಎಚ್.ಡಿ. ಕೋಟೆ, ಹುಣಸೂರು, ನಾಗರಹೊಳೆ, ಕಾಕನಕೋಟೆ ಕಾಡಿನವರು. ಮಾಸ್ತಿಯವರ ಕಾಕನಕೋಟೆ ನಾಟಕ ಆ ಕಾಡಿನ ಕುರುಬರದ್ದೇ. ಕತ್ತಲಲ್ಲಿ ಮರ ಹತ್ತಿ, ಹಸಿ ಸೊಪ್ಪಿನ ಹೊಗೆ ಹಿಡಿದು, ಜೇನಿಗೆ ಹಾಡು ಹೇಳಿ ಹಲ್ಲೆ ಇಳಿಸೋರು. ಯಾವ ಮರಕ್ಕೆ ಯಾವಾಗ ಬರುತ್ತೆ, ಯಾವಾಗ ಮುಟ್ಟಬಾರದು ಅಂತ ಅವರಿಗೆ ಗೊತ್ತು. ಹೆಜ್ಜೇನು ಹಳೇ ಜಾಗಕ್ಕೆ ವಾಪಸ್ ಬರುತ್ತೆ ಅಂತ ನೇಚರ್‌ನಲ್ಲಿ 2000ದಲ್ಲಿ ಬಂತಲ್ಲ, ಪ್ರತಿ ವರ್ಷ ಅದೇ ಮರಕ್ಕೆ ಹೋಗಿ ಜೇನು ಇಳಿಸೋರಿಗೆ ಅದು ಹೊಸ ಸುದ್ದಿ ಆಗಿರೋಕೆ ಸಾಧ್ಯ ಇಲ್ಲ.

ಆ ಕಾಡು ಮೊದಲು ಮಹಾರಾಜರ ಬೇಟೆಯ ಜಾಗ, ಕಾಕನಕೋಟೆಯಲ್ಲಿ ಆನೆ ಖೆಡ್ಡಾ, ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ಕ್ಕೆ ಕಬಿನಿ ಅಣೆಕಟ್ಟು ಮುಗಿದು ಕಣಿವೆ ಮುಳುಗಿತು. ಆಮೇಲೆ ರಾಷ್ಟ್ರೀಯ ಉದ್ಯಾನ, ಹುಲಿ ಯೋಜನೆ. ಪ್ರತಿ ಹಂತದಲ್ಲೂ ಕಾಡಂಚಿಗೆ ಬಂದವರು ಇವರೇ. ಸರ್ಕಾರದ ಪಟ್ಟಿಯಲ್ಲಿ ಕರ್ನಾಟಕದ ಅತ್ಯಂತ ದುರ್ಬಲ ಬುಡಕಟ್ಟುಗಳು ಎರಡು, ಒಂದು ಕೊರಗ, ಇನ್ನೊಂದು ಜೇನು ಕುರುಬ. ಹೆಜ್ಜೇನು ಕಾಡಿಂದ ಸಜ್ಜಾ ಕೆಳಗೆ ಬಂತು, ಅದರ ಭಾಷೆ ಬಲ್ಲವರು ಕಾಡಿಂದ ಕೂಲಿಗೆ ಬಂದ್ರು. ನಾವು ಮಾತ್ರ ಸ್ಪ್ರೇ ಕ್ಯಾನ್ ಹಿಡಿದು ನಿಂತಿದೀವಿ.

ಪೆಟ್ಟಿಗೆ ಜೇನಿನ ಕಥೆಯೂ ಸುಖದ್ದಲ್ಲ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನ ಗುಡಿಸಿ ಹಾಕಿತು, ಕೊಡಗಿನ ಪೆಟ್ಟಿಗೆಗಳು ಖಾಲಿಯಾದ್ವು. ಕಾಫಿಯಲ್ಲಿ ರೋಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲ್ಲ, ಒಂದು ಗಿಡದಿಂದ ಇನ್ನೊಂದಕ್ಕೆ ಪರಾಗ ಹೋಗಬೇಕು. ಕೊಡಗಿನ ತೋಟಗಳಲ್ಲಿ ಮಾಡಿದ ಅಧ್ಯಯನದಲ್ಲಿ ಆ ಕೆಲಸಕ್ಕೆ ಬಂದ ಮುಖ್ಯ ಹುಳುಗಳಲ್ಲಿ ಹೆಜ್ಜೇನೂ ಇತ್ತು. ಬೆಳಗ್ಗೆ ಕಾಫಿ ಹೀರ್ತಾ ಬಾಲ್ಕನಿಯ ಗೂಡಿಗೆ ಶಾಪ ಹಾಕೋರು ಇದನ್ನ ಸ್ವಲ್ಪ ಯೋಚನೆ ಮಾಡಬಹುದು.

ಹಾಗಂತ ಮಕ್ಕಳ ಕೋಣೆಯ ಕಿಟಕಿಗೆ ಕಟ್ಟಿದ್ದನ್ನೂ ಪೂಜೆ ಮಾಡಿ ಅಂತ ನಾನು ಹೇಳಲ್ಲ. ಜನ ಓಡಾಡದ ಎತ್ತರದಲ್ಲಿದ್ರೆ ಬಿಡಿ, ಮಳೆಗೆ ಹೋಗುತ್ತೆ. ಅಲ್ಲಿವರೆಗೆ ಆ ಬಾಲ್ಕನಿಯ ದೀಪ ರಾತ್ರಿ ಆರಿಸಿ, ಹೆಜ್ಜೇನು ಬೆಳಕಿಗೆ ಬಂದು ಮನೆಯೊಳಗೆ ಬೀಳುತ್ತೆ. ಪಟಾಕಿ, ಡ್ರೋನ್, ಕಲ್ಲು ಬೇಡ. ತೆಗೆಸಲೇಬೇಕಾದ ಜಾಗದಲ್ಲಿದ್ರೆ ಜೇನು 'ಸಾಯಿಸೋರು' ಯಾರು, 'ಇಳಿಸೋರು' ಯಾರು ಅಂತ ಕೇಳಿ ಕರೆಸಿ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹೆಜ್ಜೇನಿನ ಮೇಲೇ ಸಂಶೋಧನೆ ಮಾಡಿದವರಿದಾರೆ, ವಿಚಾರಿಸಿ ನೋಡಬಹುದು. ಇಳಿಸೋ ರಾತ್ರಿ ಇಡೀ ಬಿಲ್ಡಿಂಗ್‌ಗೆ ಮೊದಲೇ ತಿಳಿಸಿ, ಕಿಟಕಿ ಮುಚ್ಚಿಸಿ, ವಾಚ್‌ಮನ್‌ಗೂ ತಿಳಿಸಿ. ಆ ಹೊತ್ತಲ್ಲಿ ಬಯಲಲ್ಲಿ ಕೂತಿರೋನು ಅವನೊಬ್ಬನೇ.

ಮೇಲೆ ಬಿದ್ದೇ ಬಿಟ್ಟರೆ ಕೈ ಬೀಸಬೇಡಿ, ನೆಲಕ್ಕೆ ಮಲಗಬೇಡಿ, ಕೆರೆಗೆ ಹಾರಬೇಡಿ, ನೀವು ತಲೆ ಎತ್ತೋವರೆಗೆ ಅವು ಮೇಲೇ ಕಾಯುತ್ತವೆ. ಮುಖ ಮುಚ್ಚಿಕೊಂಡು ಓಡಿ, ಬಾಗಿಲು ಇರೋ ಯಾವುದಾದ್ರೂ ಜಾಗಕ್ಕೆ, ಕಾರಾದ್ರೂ ಸರಿ. ಒಳಗೆ ಹೋದ ಮೇಲೆ ಮುಳ್ಳು ಕಿತ್ತು ಹಾಕಿ.

ಮುಂದಿನ ವಾರ ಸಿಗೋಣ. ಗಾಡಿ ಮೇಲಿನ ಆ ಹಳದಿ ಚುಕ್ಕೆಗೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ನೆನೆಸಿ, ಆಮೇಲೆ ಒರೆಸಿದ್ರೆ ಹೋಗುತ್ತೆ.